ಕೈಗೆ ಎಷ್ಟು ಬರ್ತೈತ್ರಿ? ಸೇಲ್ಸ್ ಮತ್ತು ರಿಕ್ರೂಟ್‌ಮೆಂಟ್‌ನಲ್ಲಿ ನನ್ನ ವಿದ್ಯಾರ್ಥಿನಿಯ ಒಂದು ವರ್ಷ

"ಎಲ್ಲಾ ಬರೋಬ್ಬರಿ ಐತ್ರಿ ಅಕ್ಕಾರ. ಕೈಗೆ ಎಷ್ಟು ಬರ್ತೈತ್ರಿ?"

2023ರ ಆಗಸ್ಟ್ ಮಧ್ಯದಲ್ಲಿ ಗಂಗಾವತಿ ಕಡೆಯ ಒಬ್ಬ ಹುಡುಗ ಫೋನಿನಲ್ಲಿ ಹೀಗೆ ಕೇಳಿದ. ಅವನು ಐಟಿಐನಲ್ಲಿ ಫಿಟ್ಟರ್ ಮುಗಿಸಿದ್ದ. ಈ ಕಡೆ ಫೋನ್ ಹಿಡಿದಿದ್ದವಳು ನನ್ನ ವಿದ್ಯಾರ್ಥಿನಿ. ಅವಳು ಕೆಲಸಕ್ಕೆ ಸೇರಿ ಆರು ವಾರ ಆಗಿತ್ತು. ಕಂಪ್ಯೂಟರಿನ ಹಾಳೆಯಲ್ಲಿ ಸಂಬಳದ ಕಾಲಂನಲ್ಲಿ 20,000 ಅಂತ ಇತ್ತು. ಅವಳು ಅದನ್ನೇ ಓದಿ ಹೇಳಿದಳು. "ಹಂಗಾದ್ರ ಬರ್ತೀನ್ರಿ" ಅಂದ ಹುಡುಗ. ಅವಳು ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಪಕ್ಕ ಒಂದು ಟಿಕ್ ಹಾಕಿದಳು.

ಅಕ್ಟೋಬರ್ ಎರಡನೇ ವಾರ ಅದೇ ಹುಡುಗ ಯಾರಿಗೂ ಹೇಳದೆ ಊರಿಗೆ ಬಸ್ಸು ಹತ್ತಿದ. ಅವನ ಜೊತೆ ಇನ್ನೂ ಏಳು ಜನ ಹೋದರು. ಆ ಟಿಕ್‌ಗೂ ಈ ಬಸ್ಸಿಗೂ ನಡುವೆ ಏನಾಯಿತು, ಆಮೇಲೆ ಅವಳು ಏನು ಮಾಡಿದಳು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ. ಈ ಹುಡುಗಿ ನನ್ನ ಬಿ.ಕಾಂ. ತರಗತಿಯಲ್ಲಿ ಮೂರು ವರ್ಷ ಓದಿದವಳು. ಕೆಲಸಕ್ಕೆ ಹೋಗುವ ಮೊದಲು ಅವಳಿಗೆ ಒಂದು ಮಾತು ಹೇಳಿದ್ದೆ, ದಿನಾ ರಾತ್ರಿ ಅರ್ಧ ಪುಟ ಬರಿ ಅಂತ. ಅವಳು ಬರೆದಳು. ವರ್ಷದ ಕೊನೆಗೆ ಆರು ನೋಟ್‌ಬುಕ್ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಅವನ್ನೆಲ್ಲ ಓದಿ, ಅವಳ ಹತ್ತಿರ ಮತ್ತೆ ಮತ್ತೆ ಮಾತಾಡಿ, ಅವಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವಳ ಹೆಸರು, ಆ ಸಂಸ್ಥೆಯ ಹೆಸರು, ಫ್ಯಾಕ್ಟರಿಯ ಹೆಸರು ಇಲ್ಲಿ ಬೇಡ.

ಕೆಲಸ ಸಿಕ್ಕ ಬಗೆ

ಇದು ಅಪ್ರೆಂಟಿಸ್ ಹುದ್ದೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪದವಿ ಮುಗಿಸಿದವರಿಗೆ ಆಗ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ. ಅದರಲ್ಲಿ ಅರ್ಧದಷ್ಟನ್ನು, ಅಂದರೆ 4,500 ರೂಪಾಯಿಯನ್ನು ಕೇಂದ್ರ ಸರ್ಕಾರ ಭರಿಸುತ್ತಿತ್ತು. ವರ್ಷ ಮುಗಿದ ಮೇಲೆ ಅಪ್ರೆಂಟಿಸ್ ತರಬೇತಿ ಮಂಡಳಿಯಿಂದ ಒಂದು ಪ್ರಮಾಣಪತ್ರ ಸಿಗುತ್ತದೆ. ನಮ್ಮ ಕಡೆಯ ಅಂಗಡಿಗಳಲ್ಲೂ ಲೆಕ್ಕ ಬರೆಯುವವರಿಗೆ ಇಷ್ಟು ಸಿಗುತ್ತದೆ, ಬೆಂಗಳೂರಿಗೆ ಯಾಕೆ ಹೋಗಬೇಕು ಅಂತ ಅವಳ ಅಪ್ಪ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಅವರದು ಗುಬ್ಬಿ ಹತ್ತಿರದ ಹಳ್ಳಿ, ಸ್ವಲ್ಪ ತೆಂಗು ಬಿಟ್ಟರೆ ಬೇರೆ ಆದಾಯ ಇಲ್ಲ.

ಬೆಂಗಳೂರಿನಲ್ಲಿ ಪಿಜಿಗೆ ಸೇರಿದರೆ ಸ್ಟೈಪೆಂಡ್ ಎಲ್ಲಾ ಅಲ್ಲೇ ಮುಗಿಯುತ್ತಿತ್ತು. ಅದೃಷ್ಟಕ್ಕೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿತ್ತು. ಅವಳು ತುಮಕೂರಿನ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ದಿನಾ ಸರ್ಕಾರಿ ಬಸ್ಸಿನಲ್ಲಿ ಓಡಾಡಿದಳು. ಬೆಳಿಗ್ಗೆ ಆರೂವರೆಗೆ ಬಸ್ ಸ್ಟ್ಯಾಂಡ್, ಎಂಟನೇ ಮೈಲಿಯಲ್ಲಿ ಇಳಿಯುವುದು, ಅಲ್ಲಿಂದ ನಡಿಗೆ. ರಾತ್ರಿ ಮನೆ ಸೇರುವಾಗ ಎಂಟೂವರೆ. ಬಸ್ಸು ಫ್ರೀ ಇರದೇ ಹೋಗಿದ್ದರೆ ಈ ವರ್ಷವೇ ಇರುತ್ತಿರಲಿಲ್ಲ. ಇದು ನನ್ನ ಅಭಿಪ್ರಾಯ ಅಲ್ಲ, ಅವಳ ಮೊದಲ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಅವಳೇ ಹಾಕಿಟ್ಟ ಲೆಕ್ಕ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು, ಮುಂದೆ ಬೇಕಾಗುತ್ತದೆ. ಅಪ್ರೆಂಟಿಸ್ ಅಂದರೆ ಕಾಯ್ದೆಯ ಕಣ್ಣಿನಲ್ಲಿ ತರಬೇತಿ ಪಡೆಯುವವರು, ಕೆಲಸಗಾರರಲ್ಲ. ಹಾಗಾಗಿ ಅವಳಿಗೆ ಪಿಎಫ್ (ಭವಿಷ್ಯ ನಿಧಿ) ಇರಲಿಲ್ಲ, ಇಎಸ್‌ಐ (ಕಾರ್ಮಿಕರ ವಿಮೆ) ಇರಲಿಲ್ಲ. ಒಂಬತ್ತು ಸಾವಿರ ಅಂದರೆ ಒಂಬತ್ತು ಸಾವಿರವೂ ಬ್ಯಾಂಕಿಗೆ ಬರುತ್ತಿತ್ತು. ಸಂಬಳ ಅಂದರೆ ಹೇಳಿದಷ್ಟೂ ಬರುವುದು ಅಂತಲೇ ಅವಳು ತಿಳಿದಿದ್ದಳು.

ಎರಡು ಕಡೆ ಮಾರುವ ಕೆಲಸ

ಅವಳು ಸೇರಿದ್ದು ದಾಸರಹಳ್ಳಿಯ ಒಂದು ಮ್ಯಾನ್‌ಪವರ್ ಸಂಸ್ಥೆಗೆ. ಪೀಣ್ಯದ ಸಣ್ಣ ದೊಡ್ಡ ಕಾರ್ಖಾನೆಗಳಿಗೆ, ನೆಲಮಂಗಲ ದಾಟಿ ದಾಬಸ್‌ಪೇಟೆ ತನಕ ಇರುವ ಘಟಕಗಳಿಗೆ ಜನರನ್ನು ಒದಗಿಸುವುದು ಅವರ ಕೆಲಸ. ಎರಡು ತರಹದ ವ್ಯವಹಾರ. ಒಂದು, ಕಂಪನಿಗೆ ಒಬ್ಬ ಸೂಪರ್‌ವೈಸರನ್ನೋ ಅಕೌಂಟೆಂಟನ್ನೋ ಹುಡುಕಿಕೊಟ್ಟು ಒಂದು ಸಲ ಶುಲ್ಕ ತೆಗೆದುಕೊಳ್ಳುವುದು. ಸಾಮಾನ್ಯವಾಗಿ ಅದು ವರ್ಷದ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ. ಆ ಮನುಷ್ಯ 90 ದಿನದೊಳಗೆ ಬಿಟ್ಟುಹೋದರೆ ಇನ್ನೊಬ್ಬರನ್ನು ಪುಕ್ಕಟೆ ಕೊಡಬೇಕು. ಎರಡನೆಯದು ಕಾಂಟ್ರಾಕ್ಟ್. ಜನ ಫ್ಯಾಕ್ಟರಿಯಲ್ಲಿ ದುಡಿಯುತ್ತಾರೆ, ಆದರೆ ಸಂಬಳ ಕೊಡುವುದು, ಪಿಎಫ್ ಕಟ್ಟುವುದು ಈ ಸಂಸ್ಥೆ. ಫ್ಯಾಕ್ಟರಿ ಆ ಎಲ್ಲ ಖರ್ಚಿನ ಮೇಲೆ ತಲೆಗೆ ಇಷ್ಟು ಅಂತ ಸರ್ವಿಸ್ ಚಾರ್ಜ್ ಕೊಡುತ್ತದೆ, ಇಡೀ ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ. ಹುಡುಗರ ಭಾಷೆಯಲ್ಲಿ ಮೊದಲನೆಯದು ಆನ್ ರೋಲ್, ಎರಡನೆಯದು ಆಫ್ ರೋಲ್.

ಆಫೀಸಿನಲ್ಲಿ ಒಂದು ಗೋಡೆ ಬದಿ ಸೇಲ್ಸ್‌ನವರು, ಎದುರು ಬದಿ ರಿಕ್ರೂಟರ್‌ಗಳು. ಇವಳನ್ನು ಬೆಳಿಗ್ಗೆ ಫೋನಿಗೆ, ಮಧ್ಯಾಹ್ನದ ಮೇಲೆ ಸೇಲ್ಸ್‌ನವರ ಜೊತೆ ಸುತ್ತುವುದಕ್ಕೆ ಹಾಕಿದರು. ಯಾರೂ ಯೋಚನೆ ಮಾಡಿ ಹಾಕಿದ್ದಲ್ಲ. ಎರಡೂ ಕಡೆ ಜನ ಕಡಿಮೆ ಇದ್ದರು, ಅಷ್ಟೇ. ಆದರೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಆ ಆಫೀಸಿನಲ್ಲಿ ಎರಡೂ ಬದಿಯ ಕುರ್ಚಿಯಲ್ಲಿ ಕೂತವಳು ಅವಳೊಬ್ಬಳೇ.

ಸೇಲ್ಸ್ ಬಗ್ಗೆ ಅವಳ ಮೊದಲ ಎರಡು ತಿಂಗಳ ಬರಹದಲ್ಲಿ ಜಾಸ್ತಿ ಇರುವುದು ಗೇಟುಗಳ ವಿಷಯ. ಪೀಣ್ಯದಲ್ಲಿ ಒಂದೊಂದು ರಸ್ತೆಗೂ ಹತ್ತಾರು ಗೇಟು. ಪ್ರತಿ ಗೇಟಿನಲ್ಲೂ ಒಬ್ಬ ಸೆಕ್ಯೂರಿಟಿ. "ಎಚ್‌ಆರ್ ಸರ್ ಮೀಟಿಂಗಲ್ಲಿ ಇದ್ದಾರೆ, ಕಾರ್ಡ್ ಕೊಟ್ಟು ಹೋಗಿ." ಮೊದಲ ತಿಂಗಳೆಲ್ಲಾ ಅವಳು ಕಾರ್ಡ್ ಕೊಟ್ಟು ಬಂದಳು. ಆಮೇಲೆ ಸೆಕ್ಯೂರಿಟಿ ಅಣ್ಣಂದಿರ ಹತ್ತಿರವೇ ಮಾತಾಡುವುದು ಕಲಿತಳು. ಯಾವ ಶಿಫ್ಟಿನಲ್ಲಿ ಜನ ಕಡಿಮೆ, ಯಾರು ಬಿಟ್ಟರು, ಓಟಿ (ಓವರ್‌ಟೈಮ್) ಇದೆಯಾ, ಬಸ್ಸು ಎಲ್ಲಿಂದ ಹೊರಡುತ್ತದೆ, ಎಲ್ಲವೂ ಅವರಿಗೆ ಗೊತ್ತು. ಎಚ್‌ಆರ್ ಹತ್ತಿರ ಹೋಗುವಷ್ಟರಲ್ಲಿ ಅವಳಿಗೆ ಆ ಫ್ಯಾಕ್ಟರಿಯ ಕಷ್ಟ ಅರ್ಧ ಗೊತ್ತಿರುತ್ತಿತ್ತು. ಮೂರು ವರ್ಷ ಮಾರ್ಕೆಟಿಂಗ್ ಪಾಠ ಮಾಡಿದ ನಾನು ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಫೋನಿನ ಕೆಲಸ ಬೇರೆ. ನೌಕ್ರಿ, ಅಪ್ನಾ ತರಹದ ಆ್ಯಪ್‌ಗಳಿಂದ, ಐಟಿಐಗಳಿಂದ, ವಾಟ್ಸಾಪ್ ಗುಂಪುಗಳಿಂದ ನಂಬರ್ ತೆಗೆದು ದಿನಕ್ಕೆ ಎಪ್ಪತ್ತು ಎಂಬತ್ತು ಕಾಲ್. ಅರ್ಧಕ್ಕರ್ಧ ಜನ ಎತ್ತುವುದಿಲ್ಲ. ಎತ್ತಿದವರಲ್ಲಿ ಕೆಲವರು ತಕ್ಷಣ ಫೋನನ್ನು ಅಪ್ಪನ ಕೈಗೆ ಕೊಡುತ್ತಾರೆ. ಅಪ್ಪಂದಿರ ಮೊದಲ ಪ್ರಶ್ನೆ ಒಂದೇ: "ಎಷ್ಟು ರೊಕ್ಕ ಕಟ್ಟಬೇಕವ್ವಾ?" ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕಿತ್ತುಕೊಂಡು ಮಾಯವಾಗುವವರನ್ನು ಅವರು ಅಷ್ಟು ಕಂಡಿದ್ದಾರೆ. "ನೀವು ಏನೂ ಕಟ್ಟಬೇಡಿ, ನಮಗೆ ಕಂಪನಿ ಕೊಡುತ್ತದೆ" ಅಂತ ಹೇಳಿದರೆ ನಂಬಿಕೆ ಬರುವುದಿಲ್ಲ, ಅನುಮಾನ ಜಾಸ್ತಿ ಆಗುತ್ತದೆ. ನಾನು ನವೆಂಬರ್‌ನಲ್ಲಿ ಒಂದು ದಿನ ಆ ಆಫೀಸಿಗೆ ಹೋಗಿದ್ದೆ. ಹುಡುಗರ ಹತ್ತಿರ ಮಾತಾಡುವಾಗ ಕೂತೇ ಇರುತ್ತಿದ್ದಳು. ಫೋನು ಯಾರದ್ದಾದರೂ ಅಪ್ಪನ ಕೈಗೆ ಹೋದ ಕೂಡಲೇ ಎದ್ದು ನಿಲ್ಲುತ್ತಿದ್ದಳು. ನೋಡುವವರು ಯಾರೂ ಇಲ್ಲ, ಅದು ಫೋನು. ಆದರೂ ನಿಲ್ಲುತ್ತಿದ್ದಳು. ನಿಂತರೆ ಧ್ವನಿ ಬೇರೆ ಆಗುತ್ತದೆ ಸರ್ ಅಂದಳು.

ಮೂವತ್ತು ಜನರ ಆರ್ಡರ್

ಆಗಸ್ಟ್‌ನಲ್ಲಿ ದಾಬಸ್‌ಪೇಟೆಯ ಒಂದು ಬಿಡಿಭಾಗ ತಯಾರಿಸುವ ಘಟಕದಿಂದ ಆರ್ಡರ್ ಬಂತು. ಮೂವತ್ತು ಜನ ಆಪರೇಟರ್‌ಗಳು, ಐಟಿಐ ಆಗಿರಬೇಕು, ಸೆಪ್ಟೆಂಬರ್ ಒಂದರಿಂದ, ಕಾಂಟ್ರಾಕ್ಟ್ ಮೇಲೆ. ಸೇಲ್ಸ್‌ನ ಸೀನಿಯರ್ "ಹತ್ತು ದಿನ ಕೊಡಿ ಸಾರ್" ಅಂದು ಬಂದಿದ್ದರು. ಆಫೀಸಿನ ಬೋರ್ಡ್ ಮೇಲೆ ಕೆಂಪು ಮಾರ್ಕರ್‌ನಲ್ಲಿ 30 ಅಂತ ಬರೆದರು. ಅಲ್ಲಿಂದ ಎಲ್ಲರೂ ಫೋನ್ ಹಿಡಿದರು.

ಇವಳ ಪಟ್ಟಿ ಕೊಪ್ಪಳ ಜಿಲ್ಲೆಯದು. ಅವಳು ಮಾತಾಡಿದವರಲ್ಲಿ 41 ಜನ ಬರುತ್ತೇವೆ ಅಂದರು. ಸಂದರ್ಶನದ ದಿನ ಬಂದವರು 26. ಆಯ್ಕೆಯಾದವರು 22. ಸೇರಿದವರು 19. ಉಳಿದ ಹನ್ನೊಂದು ಜನರನ್ನು ಬೇರೆಯವರು ತುಂಬಿದರು. ಅಪ್ರೆಂಟಿಸ್ ಹುಡುಗಿ ಒಬ್ಬಳೇ 19 ಜಾಯ್ನಿಂಗ್ ಮಾಡಿಸಿದಳು ಅಂತ ಅವತ್ತು ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಆ ದಿನದ ಪುಟದಲ್ಲಿ ಅವಳ ಅಕ್ಷರ ದೊಡ್ಡದಾಗಿದೆ.

ಸೆಪ್ಟೆಂಬರ್ ಸಂಬಳ ಅಕ್ಟೋಬರ್ 7ಕ್ಕೆ ಆಯಿತು. ಅವತ್ತು ಶನಿವಾರ. ಮಧ್ಯಾಹ್ನ ಮೂರರಿಂದ ಅವಳ ಫೋನು ನಿಲ್ಲಲಿಲ್ಲ. ಮೊದಲು ಬಂದ ಕಾಲ್ ಆ ಗಂಗಾವತಿ ಕಡೆಯ ಹುಡುಗನದೇ. ಅವನು ಬೈಯಲಿಲ್ಲ. "ಅಕ್ಕಾರ, ನೀವು ಇಪ್ಪತ್ತು ಅಂದಿದ್ರಿ" ಅಂತ ಅಷ್ಟೇ ಅಂದ. ಅವಳಿಗೆ ಉತ್ತರ ಗೊತ್ತಿರಲಿಲ್ಲ. ಸೀನಿಯರ್‌ಗೆ ಕೇಳಿದರೆ "ಕಟಿಂಗ್ಸ್ ಇರುತ್ತಲ್ಲಮ್ಮ, ಅವರಿಗೆ ಅರ್ಥ ಮಾಡಿಸು" ಅಂದರು. ಅವಳಿಗೇ ಅರ್ಥವಾಗದ್ದನ್ನು ಅವರಿಗೆ ಹೇಗೆ ಮಾಡಿಸುವುದು?

ಮುಂದಿನ ವಾರದೊಳಗೆ ಎಂಟು ಜನ ಹೋದರು. ದಸರಾಕ್ಕೆ ಊರಿಗೆ ಹೋಗಿಬರುತ್ತೇವೆ ಅಂತ ಕೆಲವರು ಹೇಳಿದರು, ಕೆಲವರು ಹೇಳಲಿಲ್ಲ. ಯಾರೂ ವಾಪಸ್ ಬರಲಿಲ್ಲ. ಆಫೀಸಿನಲ್ಲಿ ಇದು ದೊಡ್ಡ ಸುದ್ದಿ ಆಗಲಿಲ್ಲ. ಈ ಕಡೆಯ ಹುಡುಗರು ಹೀಗೇ, ನಿಲ್ಲಲ್ಲ, ಬೇರೆಯವರನ್ನು ಹಾಕಿ ಅಂದರು. ಬೋರ್ಡಿನ ಮೇಲೆ ಅದೇ ಕೆಂಪು ಮಾರ್ಕರ್‌ನಲ್ಲಿ 8 ಅಂತ ಬಂತು.

ಸೋಂಪುರದ ರೂಮು

ಈ ಇಡೀ ವರ್ಷದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಆ ಎಂಟು ಜನ ಹೋದ ಮೇಲಿನ ಭಾನುವಾರ ಅವಳು ಮಾಡಿದ ಕೆಲಸ. ಯಾರೂ ಹೇಳಿರಲಿಲ್ಲ. ತುಮಕೂರಿನಿಂದ ಬಸ್ಸು ಹತ್ತಿ ದಾಬಸ್‌ಪೇಟೆಯಲ್ಲಿ ಇಳಿದು, ಸೋಂಪುರದ ಕಡೆ ಹುಡುಗರು ಇದ್ದ ರೂಮಿಗೆ ಹೋದಳು. ಜೊತೆಗೆ ಚಿಕ್ಕಮ್ಮನ ಮಗನನ್ನು ಕರೆದುಕೊಂಡು ಹೋಗಿದ್ದಳು. ಶೀಟಿನ ಮನೆ, ಒಂದು ರೂಮಿಗೆ ಐದು ಜನ. ಉಳಿದಿದ್ದ ಹುಡುಗರಲ್ಲಿ ಒಬ್ಬ ಸ್ಟೌ ಮೇಲೆ ಅನ್ನಕ್ಕೆ ಇಟ್ಟಿದ್ದ. ಇವಳನ್ನು ನೋಡಿ ಗಾಬರಿಯಾಗಿ ಚಾಪೆ ಹಾಸಿದ. ಚಹಾ ಮಾಡಿಕೊಟ್ಟರು. ಆಮೇಲೆ ಒಬ್ಬ ಫೋನಿನಲ್ಲಿ ಪೇಸ್ಲಿಪ್ ತೆಗೆದು ತೋರಿಸಿದ. ಅವಳು ಅದನ್ನು ಸಾಲು ಸಾಲಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಆ ಪುಟ ನನ್ನ ಮುಂದಿದೆ.

ಒಟ್ಟು ಸಂಬಳ 17,500. ಪಿಎಫ್ ಕಡಿತ 1,800. ಇಎಸ್‌ಐ 132. ಕ್ಯಾಂಟೀನ್ 600. ಬಸ್ 500. ಕೈಗೆ 14,468.

ಇಪ್ಪತ್ತು ಸಾವಿರ ಎಲ್ಲಿ ಹೋಯಿತು? ಅವಳು ಸೋಮವಾರ ಆಫೀಸಿನ ಅಕೌಂಟ್ಸ್ ಅಕ್ಕನ ಹತ್ತಿರ ಕೂತು ಬಿಡಿಸಿದಳು. 17,500ರ ಮೇಲೆ ಸಂಸ್ಥೆ ತನ್ನ ಕಡೆಯಿಂದ ಕಟ್ಟುವ ಪಿಎಫ್ ಇದೆ, 15,000ಕ್ಕೆ ಶೇ. 12, ಜೊತೆಗೆ ವಿಮೆ ಮತ್ತು ಆಡಳಿತ ವೆಚ್ಚ ಅಂತ ಇನ್ನೊಂದು ಶೇ. 1. ಒಟ್ಟು 1,950. ಇಎಸ್‌ಐಗೆ ಸಂಸ್ಥೆಯ ಪಾಲು ಶೇ. 3.25, ಅದು 569. ಎಲ್ಲ ಕೂಡಿದರೆ 20,019. ಇದನ್ನೇ ಸಿಟಿಸಿ ಅನ್ನುವುದು. ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳಲು ಸಂಸ್ಥೆಗೆ ತಗಲುವ ಖರ್ಚು ಅದು. ಅವನ ಜೇಬಿಗೆ ಬರುವ ದುಡ್ಡಲ್ಲ.

ಫ್ಯಾಕ್ಟರಿಯ ಎಚ್‌ಆರ್ "ಟ್ವೆಂಟಿ ಸಿಟಿಸಿ" ಅಂದಿದ್ದರು. ಸೇಲ್ಸ್‌ನವರು ಮೇಲ್‌ನಲ್ಲಿ "ಸ್ಯಾಲರಿ 20" ಅಂತ ಬರೆದರು. ಹಾಳೆ ಮಾಡಿದವರು ಸಂಬಳದ ಕಾಲಂನಲ್ಲಿ 20,000 ಹಾಕಿದರು. ಇವಳು ಓದಿದಳು. ಹುಡುಗ ಕೈಗೆ ಬರುವುದು ಅಂತ ಕೇಳಿಸಿಕೊಂಡ. ಇಲ್ಲಿ ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ನಾಲ್ಕು ಕೈ ದಾಟುವಷ್ಟರಲ್ಲಿ ಒಂದು ಅಂಕಿ ಅರ್ಥ ಬದಲಾಯಿಸಿಕೊಂಡಿತ್ತು. ಆದರೆ ಯಾರಿಗೂ ಅದನ್ನು ತಡೆದು ನಿಲ್ಲಿಸಿ ಕೇಳುವ ಅಗತ್ಯವೂ ಇರಲಿಲ್ಲ. ಸೇಲ್ಸ್‌ನವರಿಗೆ ಇನ್ಸೆಂಟಿವ್ ಸಿಗುವುದು ಆರ್ಡರ್ ಮೇಲೆ. ರಿಕ್ರೂಟರ್‌ಗಳಿಗೆ ಸಿಗುವುದು ಜಾಯ್ನಿಂಗ್ ಮೇಲೆ. ಆ ಹುಡುಗ ಮೂರನೇ ತಿಂಗಳೂ ಅಲ್ಲೇ ಇದ್ದಾನಾ ಅನ್ನುವುದರ ಮೇಲೆ ಯಾರ ಸಂಬಳವೂ ನಿಂತಿರಲಿಲ್ಲ. ತಪ್ಪು ಒಬ್ಬರ ತಲೆಗೆ ಕಟ್ಟುವುದಾದರೆ ನಾನು ಈ ವ್ಯವಸ್ಥೆಗೇ ಕಟ್ಟುತ್ತೇನೆ.

ಇನ್ನೂ ಒಂದು ವಿಷಯ ಆ ರೂಮಿನಲ್ಲಿ ಗೊತ್ತಾಯಿತು. ಪಿಎಫ್ ಅಂತ ಹೋದ 1,800 ರೂಪಾಯಿಯನ್ನು ಏಜೆನ್ಸಿಯವರೇ ತಿಂದರು ಅಂತ ಹುಡುಗರು ತಿಳಿದಿದ್ದರು. ಗೇಟ್ ಪಾಸಿನ ಮೇಲೆ ಫ್ಯಾಕ್ಟರಿ ಹೆಸರು, ಪೇಸ್ಲಿಪ್ ಮೇಲೆ ಇನ್ಯಾವುದೋ ಹೆಸರು, ಅದರಲ್ಲಿ ಕಡಿತ. ಹಾಗೆ ಅನುಮಾನ ಬಂದದ್ದು ತಪ್ಪಲ್ಲ, ಅಲ್ವಾ? ಆ ದುಡ್ಡು ಅವರ ಹೆಸರಿನಲ್ಲೇ ಇದೆ, ಫೋನಿನಲ್ಲೇ ನೋಡಬಹುದು, ಸಂಸ್ಥೆ ತನ್ನ ಪಾಲನ್ನೂ ಅದಕ್ಕೆ ಸೇರಿಸುತ್ತದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ತಿಂಗಳಿಗೆ 132 ರೂಪಾಯಿ ಕಟ್ಟಿದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ತಮಗೂ ಮನೆಯವರಿಗೂ ಚಿಕಿತ್ಸೆ ಇದೆ ಅನ್ನುವುದೂ ಗೊತ್ತಿರಲಿಲ್ಲ. ಒಬ್ಬ ಹುಡುಗನ ತಾಯಿಗೆ ಮೊಣಕಾಲು ನೋವು. ಅವನು ಆಸ್ಪತ್ರೆ ವಿಳಾಸವನ್ನು ಎರಡು ಸಲ ಕೇಳಿ ಬರೆದುಕೊಂಡ.

ಒಂದು ಚೀಟಿ

ಅವಳು ಅರ್ಧ ಹಾಳೆಯ ಒಂದು ಚೀಟಿ ಬರೆದಳು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಮೇಲೆ ಮೊದಲ ಸಾಲಿನಲ್ಲೇ "ಕೈಗೆ ಬರುವುದು 14,468" ಅಂತ. ಅದರ ಕೆಳಗೆ ಯಾವುದು ಎಷ್ಟು ಹೋಗುತ್ತದೆ, ಅದು ಎಲ್ಲಿಗೆ ಹೋಗುತ್ತದೆ. ಓಟಿ ಮಾಡಿದರೆ ಬೇರೆ, ಕಾರ್ಖಾನೆ ಕಾಯ್ದೆ ಪ್ರಕಾರ ಎರಡು ಪಟ್ಟು ದರ. ಕೊನೆಗೆ ಸಂಬಳ ಕೊಡುವವರು ಯಾರು, ಕೆಲಸ ಎಲ್ಲಿ, ರೂಮು ಬಾಡಿಗೆ ಆ ಕಡೆ ಸುಮಾರು ಎಷ್ಟು.

ಮ್ಯಾನೇಜರ್ ಒಪ್ಪಲಿಲ್ಲ. "ನೋಡಮ್ಮ, ಬೇರೆ ಏಜೆನ್ಸಿಯವರು ಇಪ್ಪತ್ತು ಅಂತ ಕೂಗ್ತಿರುವಾಗ ನೀನು ಹದಿನಾಲ್ಕು ಅಂದ್ರೆ ಯಾರು ಬರ್ತಾರೆ?" ಅವರ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅದು ನಿಜವಾದ ಕಷ್ಟ. ಎಲ್ಲರೂ ಸಿಟಿಸಿ ಹೇಳುವ ಊರಿನಲ್ಲಿ ಒಬ್ಬರೇ ಕೈಗೆ ಬರುವುದನ್ನು ಹೇಳಿದರೆ ಫೋನಿನಲ್ಲೇ ಸೋಲುತ್ತಾರೆ. ಅವಳು ವಾದ ಮಾಡಲಿಲ್ಲ. ಒಂದು ಲೆಕ್ಕ ಮಾಡಿ ಇಟ್ಟಳು. ಕಾಂಟ್ರಾಕ್ಟ್‌ನಲ್ಲಿ ಸರ್ವಿಸ್ ಚಾರ್ಜ್ ಬರುವುದು ಮನುಷ್ಯ ಇರುವಷ್ಟು ತಿಂಗಳು ಮಾತ್ರ. ಒಂದೇ ತಿಂಗಳಿಗೆ ಬಿಟ್ಟುಹೋದ ಎಂಟು ಜನರ ಮೆಡಿಕಲ್, ಯೂನಿಫಾರ್ಮ್, ಶೂ, ರಿಕ್ರೂಟರ್‌ಗಳು ಅವರ ಮೇಲೆ ಕಳೆದ ದಿನ, ಎಲ್ಲ ಕೂಡಿದರೆ ಅವರಿಂದ ಬಂದ ಆದಾಯಕ್ಕಿಂತ ಜಾಸ್ತಿ. ಸಂಸ್ಥೆ ಆ ಎಂಟು ಜನರ ಮೇಲೆ ಕೈಯಿಂದ ದುಡ್ಡು ಹಾಕಿತ್ತು. ಮ್ಯಾನೇಜರ್ ಹಾಳೆಯನ್ನು ಒಂದು ದಿನ ಇಟ್ಟುಕೊಂಡರು. ಮಾರನೇ ದಿನ "ಈ ಸಲದ ರಿಪ್ಲೇಸ್‌ಮೆಂಟ್‌ಗೆ ಮಾತ್ರ, ನಿನ್ನ ಪಟ್ಟಿಗೆ ಮಾತ್ರ" ಅಂದರು.

ತಕ್ಷಣ ಶುರು ಮಾಡಲು ಆಗಲಿಲ್ಲ. ನವೆಂಬರ್‌ನಲ್ಲಿ ಗಂಗಾವತಿ, ಕಾರಟಗಿ ಕಡೆ ಭತ್ತದ ಕೊಯ್ಲು. ಹೊಲ ಬಿಟ್ಟು ಯಾವ ಹುಡುಗನೂ ಬರುವುದಿಲ್ಲ. ಇದನ್ನು ಅವಳು ಫೋನಿನಲ್ಲಿ ಬೈಸಿಕೊಂಡೇ ಕಲಿತಳು. ಆಮೇಲೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಕ್ಯಾಲೆಂಡರ್ ಮಾಡಿಕೊಂಡಳು. ನಾಟಿ ಯಾವಾಗ, ಕೊಯ್ಲು ಯಾವಾಗ, ಐಟಿಐ ಪರೀಕ್ಷೆ ಯಾವಾಗ, ಯಾವ ಊರಿನ ಜಾತ್ರೆ ಯಾವಾಗ. ಆ ಒಂದು ಪುಟವನ್ನು ನಮ್ಮ ಪಠ್ಯದಲ್ಲಿ ಸೇರಿಸಬೇಕು ಅಂತ ನನಗೆ ಮನಸ್ಸಿದೆ.

ಡಿಸೆಂಬರ್‌ನಲ್ಲಿ ಎರಡನೇ ಸುತ್ತು. ಈ ಸಲ ಯಾರು ಕೇಳುವ ಮೊದಲೇ ಅವಳೇ ಕೈಗೆ ಬರುವುದನ್ನು ಹೇಳಿದಳು. ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದಳು. ಅಪ್ಪಂದಿರಿಗೆ ಓದಿ ಹೇಳಿದಳು. ಮ್ಯಾನೇಜರ್ ಹೇಳಿದ ಹಾಗೇ ಆಯಿತು. ಬಹಳ ಜನ ಅಲ್ಲೇ ಬೇಡ ಅಂದರು. ಬರುತ್ತೇವೆ ಅಂದವರು ಬರೀ 12. ಆದರೆ ಸಂದರ್ಶನಕ್ಕೆ 11 ಜನ ಬಂದರು. ಒಂಬತ್ತು ಜನ ಸೇರಿದರು. ಮಾರ್ಚ್ ಕೊನೆಗೆ ಅವರಲ್ಲಿ ಏಳು ಜನ ಇದ್ದರು.

ಇದನ್ನು ಗೆಲುವು ಅಂತ ಬರೆಯಲು ನನಗೆ ಸ್ವಲ್ಪ ಹಿಂಜರಿಕೆ ಇದೆ. 2023 ಬರದ ವರ್ಷ. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತ್ತು. ಬೇಸಿಗೆ ಬೆಳೆಗೆ ನೀರು ಸಿಗುವುದಿಲ್ಲ ಅನ್ನುವ ಮಾತು ಹುಡುಗರ ಊರುಗಳಲ್ಲಿ ಆಗಲೇ ಇತ್ತು. ಊರಿಗೆ ಹೋಗಿ ಮಾಡುವುದೇನೂ ಇರಲಿಲ್ಲ. ಅವರು ನಿಂತದ್ದು ಚೀಟಿಯಿಂದಲೋ, ಬರದಿಂದಲೋ? ಒಂಬತ್ತು ಜನರನ್ನು ನೋಡಿ ತೀರ್ಮಾನ ಹೇಳಲು ಬರುವುದಿಲ್ಲ. ಆದರೆ ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಕಾಣುವಂಥದ್ದು. ಆ ಬ್ಯಾಚಿನ ಮೊದಲ ಪೂರ್ತಿ ಸಂಬಳ ಫೆಬ್ರವರಿ 7ಕ್ಕೆ ಆಯಿತು. ಅವತ್ತು ಅವಳ ಫೋನಿಗೆ ದೂರಿನ ಕಾಲ್ ಒಂದೂ ಬರಲಿಲ್ಲ. ಒಂದು ಕಾಲ್ ಬಂತು, ಓಟಿ ಎರಡು ಗಂಟೆ ಕಡಿಮೆ ಹಾಕಿದ್ದಾರೆ ಅಂತ. ಲೆಕ್ಕ ನೋಡಿದರೆ ಆ ಹುಡುಗ ಹೇಳಿದ್ದೇ ಸರಿ. ಮುಂದಿನ ತಿಂಗಳು ಕೊಡಿಸಿದಳು.

ಸೇಲ್ಸ್ ಬದಿಯಿಂದಲೂ ಅವಳು ಪ್ರಯತ್ನ ಮಾಡಿದಳು. ಫ್ಯಾಕ್ಟರಿಯ ಎಚ್‌ಆರ್ ಹತ್ತಿರ ಹೋಗಿ ಎರಡು ವಿಷಯ ಕೇಳಿದಳು. ಕ್ಯಾಂಟೀನ್ 600 ರೂಪಾಯಿ, ರಾತ್ರಿ ಪಾಳಿಯವರು ಅಲ್ಲಿ ಉಣ್ಣುವುದೇ ಇಲ್ಲ, ಅವರಿಂದ ಯಾಕೆ? ಇನ್ನೊಂದು ಜಾತ್ರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬರುತ್ತದೆ, ಅಜ್ಜನ ಜಾತ್ರೆಗೆ ಆ ಕಡೆಯ ಹುಡುಗರು ಹೋಗದೆ ಇರುವುದಿಲ್ಲ, ಪಾಳಿ ಮೇಲೆ ರಜೆ ಕೊಡಿ ಅಂತ. ಕ್ಯಾಂಟೀನ್ ವಿಷಯದಲ್ಲಿ ಏನೂ ಆಗಲಿಲ್ಲ. ರಜೆ ಅರ್ಧ ಜನರಿಗೆ ಸಿಕ್ಕಿತು. ಸಿಗದವರಲ್ಲಿ ಇಬ್ಬರು ಹೇಳದೇ ಹೋದರು, ಹೋದವರು ತಿರುಗಿ ಬರಲಿಲ್ಲ. ಒಂಬತ್ತರಲ್ಲಿ ಕಡಿಮೆಯಾದ ಇಬ್ಬರು ಇವರೇ. ರಜೆ ಪಡೆದು ಹೋದವರೆಲ್ಲ ಸರಿಯಾದ ದಿನಕ್ಕೆ ವಾಪಸ್ ಬಂದಿದ್ದರು.

ಅವಳಿಗೆ ಏನು ಸಿಗಬೇಕಿತ್ತು

ಈ ವರ್ಷವನ್ನು ಹೊಗಳಿ ಮುಗಿಸಿದರೆ ಅನ್ಯಾಯ ಆಗುತ್ತದೆ. ಸೇರಿದ ದಿನ ಕೊಟ್ಟ ತರಬೇತಿ ಅಂದರೆ ಒಂದು ಹೆಡ್‌ಫೋನು ಮತ್ತು ಒಂದು ಪಟ್ಟಿ. ಕಲಿಯಲು ಬಂದವಳಿಗೆ ಎರಡನೇ ವಾರದಿಂದಲೇ ಟಾರ್ಗೆಟ್ ಹಾಕಿದರು. ಮೊದಲ ಮೂರು ತಿಂಗಳು ಸ್ಟೈಪೆಂಡ್ ತಡವಾಗಿ ಬಂತು. ಪೀಣ್ಯ ಸುತ್ತಿದ ಆಟೋ ಖರ್ಚು ಅವಳದೇ. ಅಪ್ರೆಂಟಿಸ್ ಒಪ್ಪಂದದಲ್ಲಿ ತರಬೇತಿ ಅನ್ನುವ ಮಾತು ದೊಡ್ಡದಾಗಿಯೇ ಇದೆ. ಅದು ಹಾಳೆಯಿಂದ ಆಫೀಸಿಗೆ ಇಳಿಯಬೇಕಾದರೆ ಯಾರಾದರೂ ಹೋಗಿ ನೋಡಬೇಕು. ನಾನು ಹೋದದ್ದು ವರ್ಷಕ್ಕೆ ಒಂದು ದಿನ. ಅದು ಸಾಲದು. ಮೊದಲ ತಿಂಗಳೇ ಹೋಗಬೇಕಿತ್ತು.

ಕಾಲೇಜಿನ ಪಾಲೂ ಇದೆ. ನಾವು ಅವಳಿಗೆ ಲೆಕ್ಕಶಾಸ್ತ್ರ ಕಲಿಸಿದ್ದೆವು, ಕಂಪನಿ ಕಾನೂನು ಕಲಿಸಿದ್ದೆವು. ಕ್ಲಾಸಿನಲ್ಲಿ ಒಂದೇ ಒಂದು ಸಲವೂ ಪೇಸ್ಲಿಪ್ ಕೈಗೆ ಕೊಟ್ಟು ಓದಿಸಿರಲಿಲ್ಲ. ಈಗ ಕೊನೆಯ ವರ್ಷದವರಿಗೆ ಮೊದಲ ವಾರವೇ ಅದನ್ನು ಮಾಡಿಸುತ್ತೇನೆ. ಅವಳು ಸೋಂಪುರದಲ್ಲಿ ಬರೆದುಕೊಂಡ ಅಂಕಿಗಳನ್ನೇ ಬೋರ್ಡಿನ ಮೇಲೆ ಹಾಕಿ, 20,019 ಹೇಗೆ 14,468 ಆಯಿತು ಬಿಡಿಸಿ ಅನ್ನುತ್ತೇನೆ. ಮಕ್ಕಳಿಗೆ ಅರ್ಧ ಗಂಟೆ ಬೇಕಾಗುತ್ತದೆ. ಅವರಲ್ಲಿ ಕೆಲವರ ಅಣ್ಣಂದಿರು ಇಂಥದ್ದೇ ಕೆಲಸದಲ್ಲಿ ಇದ್ದಾರೆ. ಮನೆಗೆ ಹೋಗಿ ಅಣ್ಣನ ಪೇಸ್ಲಿಪ್ ನೋಡಿ ಬಂದು ಹೇಳುತ್ತಾರೆ.

ಒಂದು ವರ್ಷ ಯಾಕೆ ಬೇಕು, ಎರಡು ತಿಂಗಳ ಇಂಟರ್ನ್‌ಶಿಪ್ ಸಾಕಲ್ವಾ ಅಂತ ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಅವಳು ಸೆಪ್ಟೆಂಬರ್ ಮೊದಲ ವಾರ ಬಿಟ್ಟುಬಂದಿದ್ದರೆ ಏನಾಗುತ್ತಿತ್ತು ಅಂತ ನಾನು ಅವರಿಗೆ ಹೇಳುತ್ತೇನೆ. ಅವಳ ಕೈಯಲ್ಲಿ 19 ಜಾಯ್ನಿಂಗ್ ಮಾಡಿಸಿದ ಪ್ರಮಾಣಪತ್ರ ಇರುತ್ತಿತ್ತು, ಕೇಕ್ ಕತ್ತರಿಸಿದ ಫೋಟೋ ಇರುತ್ತಿತ್ತು. ಅಕ್ಟೋಬರ್ 7ರ ಫೋನು ಬೇರೆ ಯಾರಿಗೋ ಬರುತ್ತಿತ್ತು. ತಾನು ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅವಳು ಜೀವನವಿಡೀ ತಿಳಿದಿರುತ್ತಿದ್ದಳು. ಆಡಿದ ಮಾತು ನಮ್ಮ ಹತ್ತಿರವೇ ತಿರುಗಿ ಬರುವಷ್ಟು ಕಾಲ ನಾವು ಅಲ್ಲೇ ಇರಬೇಕು. ಈ ಕೆಲಸದಲ್ಲಿ ಅದಕ್ಕೆ ಎರಡು ತಿಂಗಳು ಸಾಲದು.

2024ರ ಜೂನ್ ಕೊನೆಗೆ ಅವಧಿ ಮುಗಿಯಿತು. ಸಂಸ್ಥೆಯವರು ಅವಳನ್ನು ಉಳಿಸಿಕೊಳ್ಳಲು ಮುಂದೆ ಬಂದರು. ಮ್ಯಾನೇಜರ್ ಒಂದು ಮೊತ್ತ ಹೇಳಿದರು. ಅವಳು ಕೈಗೆ ಎಷ್ಟು ಬರುತ್ತದೆ ಸರ್ ಅಂತ ಕೇಳಿದಳಂತೆ. ಅವರು ಕ್ಯಾಲ್ಕ್ಯುಲೇಟರ್ ತೆಗೆದು ಹೇಳಿದರು. ಎರಡು ದಿನ ಯೋಚನೆ ಮಾಡಿ ಸೇರಿದಳು. ಈಗ ದಾಬಸ್‌ಪೇಟೆ ಕಡೆಯ ಆರ್ಡರ್‌ಗಳನ್ನೆಲ್ಲ ಅವಳೇ ನೋಡುತ್ತಾಳೆ. ಚೀಟಿ ಇನ್ನೂ ಅವಳ ಪಟ್ಟಿಗೆ ಮಾತ್ರ. ಎದುರು ಬದಿಯವರಲ್ಲಿ ಒಬ್ಬರು ಮಾತ್ರ ಅದನ್ನು ಕೇಳಿ ಪಡೆದುಕೊಂಡಿದ್ದಾರೆ.

ಆರು ನೋಟ್‌ಬುಕ್ಕುಗಳಲ್ಲಿ ಎರಡನೆಯದನ್ನು ಅವಳು ನನ್ನಿಂದ ವಾಪಸ್ ತೆಗೆದುಕೊಂಡು ಹೋದಳು. ಅದರಲ್ಲಿ ಗಂಗಾವತಿ ಕಡೆಯ ಆ ಹುಡುಗನ ಹೆಸರು, ನಂಬರ್ ಇದೆ. ಟಿಕ್ ಪಕ್ಕದಲ್ಲಿ ನಾಲ್ಕು ತಾರೀಖು ಬರೆದಿದ್ದಾಳೆ, ಎರಡು ನವೆಂಬರ್‌ನವು, ಒಂದು ಜನವರಿಯದು, ಒಂದು ಏಪ್ರಿಲ್‌ನದು. ನಾಲ್ಕೂ ತಾರೀಖಿನ ಮುಂದೆ ಸ್ವಿಚ್ ಆಫ್ ಅಂತ ಇದೆ. ಅವನ ತಿಂಗಳ ಪಿಎಫ್ 1,800, ಜೊತೆಗೆ ಸಂಸ್ಥೆಯ ಪಾಲಿನ ಒಂದು ಭಾಗ, ಇನ್ನೂ ಅವನ ಖಾತೆಯಲ್ಲೇ ಇದೆ. ಅದನ್ನು ತೆಗೆದುಕೊಳ್ಳುವುದು ಹೇಗೆ ಅಂತ ಹೇಳಲು ಅವಳು ಫೋನ್ ಮಾಡುತ್ತಿದ್ದಾಳೆ.